ಎರಡು ಸಾವಿರದ ಪಿಂಚಣಿ, ನಾಲ್ಕು ನೂರರ ಚರ್ಚೆ

2025ರ ನವೆಂಬರ್‌ನಿಂದ ಕೇರಳದ ಕ್ಷೇಮ ಪಿಂಚಣಿ 1600 ರೂಪಾಯಿಯಿಂದ 2000ಕ್ಕೆ ಏರಿತು. ಹಣ ಖಾತೆಗೆ ಬೀಳುವ ಮೊದಲೇ ಆ ಹೆಚ್ಚುವರಿ ನಾಲ್ಕು ನೂರಕ್ಕೆ ನಮ್ಮಲ್ಲಿ ವಾರಸುದಾರರು ಹುಟ್ಟಿಕೊಂಡರು. ಅಮ್ಮನಿಗೆ ಅದರಲ್ಲಿ ಚಿನ್ನ ಕೂಡಿಡಬೇಕು. ಮಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ, "ಇನ್ನು ಕರೆಂಟ್ ಬಿಲ್ಲು ನೀನೇ ನೋಡಿಕೊಳ್ಳಬಹುದಲ್ಲ ಅಕ್ಕ" ಎಂದ. ರವಿಕೆ ಹೊಲಿಸಲು ಬಂದ ಹೆಂಗಸೊಬ್ಬರು ತಾವು ನಡೆಸುವ ಕುರಿಗೆ, ಅಂದರೆ ಚೀಟಿ ಫಂಡಿಗೆ, ನನ್ನನ್ನು ಸೇರಿಸಿಕೊಳ್ಳುವುದಾಗಿ ಹೇಳಿ, ಹೊಲಿಗೆಯ ಹಳೆ ಬಾಕಿಯನ್ನು ಮಾತ್ರ ಕೊಡದೆ ಹೋದರು. ಅಂಗವಿಕಲರ ಪಿಂಚಣಿ ಪಡೆಯುವವಳು ನಾನೊಬ್ಬಳು. ಆ ಹಣ ಎಲ್ಲಿಗೆ ಹೋಗಬೇಕೆಂದು ಬಲ್ಲವರು ಊರಿಡೀ ಇದ್ದಾರೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಹಂಚಿನ ಮನೆಯಲ್ಲಿ ಅಮ್ಮನೂ ನಾನೂ ಇದ್ದೇವೆ. ನಡೆಯಲು ಕಲಿತ ಹೊಸತರಲ್ಲೇ ಬಂದ ಪೋಲಿಯೊ ಎಡಗಾಲಿನ ಬಲವನ್ನು ಕಸಿದುಕೊಂಡಿತು. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡು ಬಲಗಾಲಿನಿಂದ ಓಡಿಸುತ್ತೇನೆ. ಶಾಲೆ ತೆರೆಯುವ ಮುಂಚೆ ಯೂನಿಫಾರ್ಮ್, ಮದುವೆಯ ಕಾಲದಲ್ಲಿ ರವಿಕೆ, ಉಳಿದ ದಿನಗಳಲ್ಲಿ ನೈಟಿಯ ಅಂಚು, ಹರಿದ ಚೀಲ, ಕೆಟ್ಟ ಝಿಪ್ಪು. ಮಳೆಗಾಲದಲ್ಲಿ ಝಿಪ್ಪುಗಳೇ ಅನ್ನ ಹಾಕುತ್ತವೆ.

ನನ್ನ ಉಳಿತಾಯಕ್ಕೆ ಒಂದು ಗುರಿ ಇದೆ, ಅದು ಕ್ಯಾಲಿಪರ್. ತೊಡೆಯಿಂದ ಬೂಟಿನವರೆಗೆ ಎರಡು ಲೋಹದ ಪಟ್ಟಿ, ಮಂಡಿಯ ಮೇಲೊಂದು ತೊಗಲಿನ ಹೊದಿಕೆ, ಕೂರುವಾಗ ಎತ್ತಿ ನಿಲ್ಲುವಾಗ ಇಳಿಸುವ ಒಂದು ಬೀಗ. ಶಿಬಿರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ, ಅದಕ್ಕೆ ನನ್ನ ನಮಸ್ಕಾರ ಇದೆ. ಆದರೆ ನಮ್ಮ ಊರಿನ ಮಳೆ ಶಿಬಿರದ ಪಟ್ಟಿಯನ್ನು ಕೇಳಿಕೊಂಡು ಸುರಿಯುವುದಿಲ್ಲ. ಆಟಿ ತಿಂಗಳಲ್ಲಿ ಮಂಡಿಯ ತೊಗಲಿನ ಮೇಲೆ ಬೂದು ಬಣ್ಣದ ಬೂಷ್ಟು ಏಳುತ್ತದೆ. ಒರೆಸಿ, ಒಲೆಯ ಹತ್ತಿರ ಒಣಗಿಸಿ, ತೆಂಗಿನೆಣ್ಣೆ ಸವರಿ ಇಟ್ಟರೂ ಹೊಲಿಗೆಯ ದಾರ ಒಳಗಿಂದೊಳಗೆ ಕೊಳೆಯುತ್ತದೆ. ದಾರದ ವಿಷಯದಲ್ಲಿ ನಾನು ವೃತ್ತಿಯವಳು. ಎರಡು ಪದರ ಮೇಣದ ದಾರ ಹಾಕಿ ನಾನೇ ಹೊಲಿದದ್ದೂ ಇದೆ. ಬೂಟಿನ ಅಡಿಯಲ್ಲಿ ಪಟ್ಟಿ ಸೇರುವ ಕಡೆ ಸಡಿಲವಾದರೆ ಮಾತ್ರ ನನ್ನ ಸೂಜಿಯಿಂದ ಆಗದು. ಕಾಸರಗೋಡಿಗೋ ಮಂಗಳೂರಿಗೋ ಹೋಗಬೇಕು, ಅಳತೆ ಕೊಡಬೇಕು, ಮತ್ತೊಮ್ಮೆ ಹೋಗಿ ತರಬೇಕು. ಅಷ್ಟು ದಿನ ಯಂತ್ರ ಸುಮ್ಮನೆ ಕೂತಿರುತ್ತದೆ. ಕ್ಯಾಲಿಪರಿನ ನಿಜವಾದ ಬೆಲೆಯಲ್ಲಿ ಆ ದಿನಗಳನ್ನೂ ಸೇರಿಸಬೇಕು.

ಪಿಂಚಣಿ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಕಡಿಮೆಯೇ. ಆದರೆ ನನಗೆ ಹೆಚ್ಚು ತೊಂದರೆ ಕೊಟ್ಟದ್ದು ಅದು ಬರುವ ರೀತಿ. 2023ರ ಕೊನೆ, 2024ರ ಮೊದಲ ಭಾಗ ಕೇರಳದಲ್ಲಿ ಪಿಂಚಣಿ ಪಡೆಯುವ ಯಾರಿಗೂ ಮರೆಯದು. ತಿಂಗಳುಗಟ್ಟಲೆ ಏನೂ ಬರಲಿಲ್ಲ. ಆಮೇಲೆ ಹಬ್ಬದ ಹೊತ್ತಿಗೆ ಎರಡು ತಿಂಗಳದ್ದು ಒಟ್ಟಿಗೆ ಬಿತ್ತು, ಮತ್ತೆ ಸ್ವಲ್ಪ ಕಾಲ ಮೌನ. ಹಳೆಯ ಬಾಕಿಯನ್ನು ಕಂತು ಕಂತಾಗಿ ತೀರಿಸುತ್ತ ಬಂದು, ಕೊನೆಯ 1600ನ್ನು ಹೊಸ 2000ದ ಜೊತೆಗೆ ಸೇರಿಸಿ 2025ರ ನವೆಂಬರ್‌ನಲ್ಲಿ 3600 ಕೊಟ್ಟರು. ತಿಂಗಳಿಗೆ 1600 ಎಂದರೆ ಬಡತನದ ಲೆಕ್ಕವಾದರೂ ಹಾಕಬಹುದು. ಒಂದು ತಿಂಗಳು ಸೊನ್ನೆ, ಇನ್ನೊಂದು ತಿಂಗಳು 3200 ಎಂದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಸೊನ್ನೆಯ ತಿಂಗಳಲ್ಲಿ ಜೀನಸಿನ ಅಂಗಡಿಯಲ್ಲಿ ಬರೆಸಬೇಕು, 3200 ಬಂದ ದಿನ ಅಂಗಡಿಯವರಿಗೆ, ಮದ್ದಿನವರಿಗೆ, ಆಟೋದವರಿಗೆ ಕೊಟ್ಟು ಸಂಜೆಗೆ ಕೈ ಖಾಲಿ.

ಅಂಗಡಿಯ ಬಾಕಿ ಪೂರ್ತಿ ತೀರಿದ ಮೇಲೆ ಬಂದ ಹಳೆ ಕಂತುಗಳ ಬಗ್ಗೆ ನಾನೊಂದು ತೀರ್ಮಾನ ಮಾಡಿದೆ. ಬಾಕಿ ಹಣ ಬರುವುದು ಎಂದೋ ಬದುಕಿ ಮುಗಿಸಿದ ತಿಂಗಳಿನ ಲೆಕ್ಕಕ್ಕೆ. ಆ ತಿಂಗಳಿನ ಅಕ್ಕಿ ಉಂಡಾಗಿದೆ, ಸಾಲವೂ ತೀರಿದೆ. ಹಾಗಾದರೆ ಅದನ್ನು ಈ ತಿಂಗಳಿನ ಖರ್ಚಿಗೆ ಯಾಕೆ ತರಬೇಕು? ಖಾತೆಯಲ್ಲೇ ಬಿಟ್ಟೆ. ಇನ್ನೊಂದು ಬಾಕಿ ಕಂತು ಬಂದಾಗ ಅದನ್ನೂ ಬಿಟ್ಟೆ. ಈಗ ಪಿಂಚಣಿ ಬರಲಿ ಬಿಡಲಿ, ತಿಂಗಳ 5ನೇ ತಾರೀಖಿನಂದು ನಾನು ನನಗೆ ಸಾವಿರ ರೂಪಾಯಿ ಕೊಟ್ಟುಕೊಳ್ಳುತ್ತೇನೆ. ಸರಕಾರದ ಸಂಬಳದ ದಿನ ಯಾವುದೋ ಗೊತ್ತಿಲ್ಲ, ನನ್ನದು 5. ಇದನ್ನು ಉಳಿತಾಯ ಎನ್ನಲು ತಮ್ಮ ಒಪ್ಪುವುದಿಲ್ಲ, "ಬಡ್ಡಿ ಎಲ್ಲಿದೆ ಇದರಲ್ಲಿ?" ಎನ್ನುತ್ತಾನೆ. ಜೀನಸಿನ ಅಂಗಡಿಯಲ್ಲಿ ತಲೆ ತಗ್ಗಿಸದೆ ಸಾಮಾನು ಕೇಳುವುದೇ ಬಡ್ಡಿ, ಇರಲಿ.

ಈ ಹಣ ನನಗೆ ಬ್ಯಾಂಕಿಗೇ ಬರುತ್ತದೆ. ಸಹಕಾರಿ ಬ್ಯಾಂಕಿನ ಏಜೆಂಟರು ಮನೆಗೆ ತಂದುಕೊಡುವ ಕ್ರಮವೂ ಇದೆ, ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ಆದರೆ ಕೈಲಾಗುವವರಿಗೆ ನಾನು ಖಾತೆಯನ್ನೇ ಹೇಳುತ್ತೇನೆ. ಅಂಗಳದಲ್ಲಿ ಎಣಿಸಿ ಕೊಟ್ಟ ಹಣವನ್ನು ಮನೆಯವರೂ ಎಣಿಸಿರುತ್ತಾರೆ. ಹೆಣ್ಣಿಗೆ, ಅದರಲ್ಲೂ ಕಾಲಿಲ್ಲದ ಹೆಣ್ಣಿಗೆ, ಏನು ಖರ್ಚಿದೆ ಎಂಬ ಮಾತು ಆ ಅಂಗಳದಲ್ಲೇ ಹುಟ್ಟುತ್ತದೆ.

ನಾನು ಉಳಿಸುತ್ತೇನೆ ಎಂದಾಗ ನನ್ನಂಥವರೇ ಹೆದರಿಸುತ್ತಾರೆ. "ಪಾಸ್‌ಬುಕ್ಕಿನಲ್ಲಿ ಹಣ ಕಂಡರೆ ಪಿಂಚಣಿ ಕಡಿಯುತ್ತಾರೆ." ಈ ಭಯ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ ಬಂದ ದಿನವೇ ಪೂರ್ತಿ ತೆಗೆದು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಅದಕ್ಕೇ ನಿಯಮವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಂಗವಿಕಲತೆ ಶೇಕಡಾ 40ಕ್ಕಿಂತ ಕಡಿಮೆ ಇರಬಾರದು. ಕುಟುಂಬದ ವಾರ್ಷಿಕ ವರಮಾನ 1 ಲಕ್ಷ ರೂಪಾಯಿ ಮೀರಬಾರದು. ಕ್ಷೇಮ ಪಿಂಚಣಿಗಳಿಗೆ 2000 ಚದರಡಿಗಿಂತ ದೊಡ್ಡ ಮನೆ, 1000 ಸಿಸಿಗಿಂತ ದೊಡ್ಡ ಕಾರು, ಏಸಿ ಇಂಥವು ಅಡ್ಡಿ. ನಮ್ಮ ಹಂಚಿನ ಮನೆಗೆ ಏಸಿ ಹಾಕಿದರೆ ತಂಪು ಹಂಚಿನ ಸಂದಿಯಿಂದ ಗುಡ್ಡಕ್ಕೆ ಹೋಗುತ್ತದೆ, ಆ ಮಾತು ಬೇರೆ. ಈ ಪಟ್ಟಿಯಲ್ಲಿ ಉಳಿತಾಯ ಖಾತೆಯಲ್ಲಿ ಇಷ್ಟೇ ಹಣ ಇರಬೇಕು ಎಂಬ ಮಾತಿಲ್ಲ. ಲೆಕ್ಕಕ್ಕೆ ಬರುವುದು ವರಮಾನ. 30,000 ಕೂಡಿಟ್ಟವರಿಗೆ ನೂರಕ್ಕೆ ಏಳರಂತೆ ವರ್ಷಕ್ಕೆ ಬರುವ ಬಡ್ಡಿ 2100. ಅದರಿಂದ ಯಾರ ವರಮಾನವೂ ಲಕ್ಷ ದಾಟುವುದಿಲ್ಲ.

ಅಮೆರಿಕದಲ್ಲಿರುವ ದೊಡ್ಡಮ್ಮನ ಮಗನಿಗೆ ಈ ಭಯದ ಕತೆ ಹೇಳಿದೆ. ಅಲ್ಲಿ ಅದು ಭಯವಲ್ಲ, ಕಾನೂನೇ ಎಂದ. ಅಲ್ಲಿನ ಬಡ ಅಂಗವಿಕಲರಿಗೆ ಸಿಗುವ ಎಸ್‌ಎಸ್‌ಐ ಎಂಬ ನೆರವಿಗೆ, ಒಬ್ಬರ ಹೆಸರಿನಲ್ಲಿ 2000 ಡಾಲರಿಗಿಂತ ಹೆಚ್ಚು ಉಳಿತಾಯ ಇರಬಾರದಂತೆ. 1989ರಿಂದ ಆ ಮಿತಿ ಕದಲಿಲ್ಲ. ಅದರಿಂದ ಪಾರಾಗಲು 2014ರಲ್ಲಿ ಏಬಲ್ ಎಂಬ ಬೇರೆ ಬಗೆಯ ಖಾತೆಗೆ ಕಾನೂನು ಮಾಡಿದರು, ಅದರಲ್ಲಿ ಇಟ್ಟ ಹಣಕ್ಕೆ ಒಂದು ದೊಡ್ಡ ಮೊತ್ತದವರೆಗೆ ಆ ಮಿತಿ ತಾಗುವುದಿಲ್ಲ. ಅಷ್ಟು ದೊಡ್ಡ ದೇಶದವರಿಗೂ ನಮ್ಮಂಥವರ ಪಾಸ್‌ಬುಕ್ ಕಂಡರೆ ಅನುಮಾನ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು.

ನಮ್ಮಲ್ಲಿ ಉಳಿಸಲು ಮಿತಿಯಿಲ್ಲ, ದುಡಿಯಲು ಇದೆ. ವರ್ಷಕ್ಕೆ 1 ಲಕ್ಷ ಎಂದರೆ ಮನೆಯವರೆಲ್ಲ ಸೇರಿ ತಿಂಗಳಿಗೆ 8,333 ರೂಪಾಯಿ. ನನಗೆ ಇನ್ನೊಂದು ಯಂತ್ರ ಹಾಕಿ, ಕೆಲಸ ಕಲಿಯಲು ಒಬ್ಬಳು ಹುಡುಗಿಯನ್ನು ಇಟ್ಟುಕೊಳ್ಳುವ ಆಸೆ ಇದೆ. ಹಾಗೆ ಮಾಡಿ ಎರಡು ಮದುವೆ ಕಾಲ ಚೆನ್ನಾಗಿ ನಡೆದರೆ ಗೆರೆ ದಾಟುತ್ತೇನೆ. ದಾಟಿದ ಮೇಲೆ ಮೂರನೆಯ ವರ್ಷ ಕಾಲು ಕೈಕೊಟ್ಟರೆ ಮತ್ತೆ ಅರ್ಜಿ, ಮತ್ತೆ ವರಮಾನ ಪ್ರಮಾಣಪತ್ರ, ಮತ್ತೆ ಕಾಯುವುದು. ಅಂಗವಿಕಲರು ಸ್ವಾವಲಂಬಿಗಳಾಗಬೇಕು ಎಂದು ಭಾಷಣ ಮಾಡುವವರು ಒಮ್ಮೆ ಈ 8,333ರ ಪಕ್ಕ ಕುಳಿತು ಬಿಡಿಸಿ ಹೇಳಬೇಕು. ನಾನಂತೂ ಒಂದು ವರ್ಷದ ಪಿಂಚಣಿಯಷ್ಟು, ಅಂದರೆ 24,000 ರೂಪಾಯಿ ಕೈಯಲ್ಲಿ ಉಳಿಯುವವರೆಗೆ ಎರಡನೆಯ ಯಂತ್ರ ತರುವುದಿಲ್ಲ. ಗೆರೆ ದಾಟುವವಳಿಗೆ ಹಿಂದೆ ಬರುವ ದಾರಿಯ ಖರ್ಚು ಗಂಟಿನಲ್ಲಿರಬೇಕು.

ಈಗ ಅಂಚೆ ಕಚೇರಿಯ ವಿಷಯ. ಅಲ್ಲಿಯ ಐದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ. ನನ್ನದು 300. ನಾನು ತೆರೆದಾಗ ಬಡ್ಡಿ ನೂರಕ್ಕೆ 6.7 ಇತ್ತು, ತೆರೆದ ದಿನದ ದರವೇ ಕೊನೆಯವರೆಗೂ. ಐದು ವರ್ಷದಲ್ಲಿ ಕಟ್ಟುವುದು 18,000, ಕೈಗೆ ಬರುವುದು 21,400ರ ಆಸುಪಾಸು. ಕಂತು ತಪ್ಪಿದರೆ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತದೆ, ಆಮೇಲೆ ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸಿಕೊಳ್ಳಬೇಕು. ಒಂದು ವರ್ಷ ಸರಿಯಾಗಿ ಕಟ್ಟಿದ್ದರೆ ಅದರ ಅರ್ಧದಷ್ಟು ಸಾಲ ಸಿಗುತ್ತದೆ. ಮೂರು ವರ್ಷಕ್ಕೆ ಮೊದಲು ಮುರಿಯುವಂತಿಲ್ಲ. ಈ ಕೊನೆಯ ನಿಯಮವೇ ನನಗೆ ಹೆಚ್ಚು ಇಷ್ಟ. "ಮುರಿಯಲು ಬರುವುದಿಲ್ಲವಂತೆ ತಮ್ಮಾ, ಸರಕಾರದ ನಿಯಮ" ಎಂದರೆ ಯಾರ ಮುಖವೂ ಬಾಡುವುದಿಲ್ಲ.

ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಕಂತುಗಳನ್ನು ಮುಂಗಡವಾಗಿ ಕಟ್ಟಿದರೆ ರಿಯಾಯಿತಿ ಇದೆ. ನೂರರ ಆರ್‌ಡಿಗೆ ಆರು ತಿಂಗಳದ್ದು ಒಮ್ಮೆಲೇ ಕಟ್ಟಿದರೆ 10 ರೂಪಾಯಿ, ಹನ್ನೆರಡು ತಿಂಗಳದ್ದು ಕಟ್ಟಿದರೆ 40 ರೂಪಾಯಿ ಕಡಿಮೆ. ಗಂಟಾಗಿ ಬರುವ ಪಿಂಚಣಿಗೆ ಇದಕ್ಕಿಂತ ಹೊಂದುವ ಏರ್ಪಾಡು ನನಗೆ ಬೇರೆ ಕಂಡಿಲ್ಲ. ನವೆಂಬರ್‌ನ 3600 ನನ್ನ ಆರ್‌ಡಿಯ ಸರಿಯಾಗಿ ಹನ್ನೆರಡು ತಿಂಗಳು. ಖಾತೆಯಲ್ಲಿ ಹಿಂದಿನದ್ದು ಸ್ವಲ್ಪ ಇದ್ದುದರಿಂದ ಅದನ್ನು ಹಾಗೆಯೇ ಅಂಚೆ ಕಚೇರಿಗೆ ತೆಗೆದುಕೊಂಡು ಹೋದೆ. ಅಂಚೆ ಮಾಸ್ತರರು ಪುಸ್ತಕವನ್ನು ಮುಂದೆ ಹಿಂದೆ ತಿರುಗಿಸಿ, "ಪೂರ್ತಿ ವರ್ಷದ್ದೇ?" ಎಂದು ಕೇಳಿ, 3480 ಎಣಿಸಿಕೊಂಡು 120 ಹಿಂದೆ ಕೊಟ್ಟರು. ಆ 120ರಲ್ಲಿ ಅಮ್ಮನಿಗೆ ವೀಳ್ಯದೆಲೆ, ನನಗೆ ಒಂದು ಡಬ್ಬಿ ಯಂತ್ರದ ಎಣ್ಣೆ. ಇನ್ನು ಒಂದು ವರ್ಷ ಪಿಂಚಣಿ ತಡವಾದರೂ ಆರ್‌ಡಿಗೆ ದಂಡವಿಲ್ಲ.

ಅಮ್ಮನ ಚಿನ್ನದ ವಾದಕ್ಕೆ ನಾನು ಪೂರ್ತಿ ವಿರೋಧಿಯಲ್ಲ. ಅವಳ ಬಳೆ ಅಡವಿಟ್ಟೇ ನನ್ನ ಮೊದಲ ಯಂತ್ರ ಬಂದದ್ದು. ಆದರೆ 2025ರ ಅಕ್ಟೋಬರ್‌ನಲ್ಲಿ ಪವನಿಗೆ, ಅಂದರೆ ಎಂಟು ಗ್ರಾಂ ಚಿನ್ನಕ್ಕೆ, 90,000 ದಾಟಿತು. 2000 ರೂಪಾಯಿಯ ನಲವತ್ತೈದು ಪಿಂಚಣಿ ಸೇರಿದರೆ ಒಂದು ಪವನು, ಅದೂ ಅಷ್ಟರವರೆಗೆ ಬೆಲೆ ಅಲ್ಲೇ ನಿಂತಿದ್ದರೆ, ಒಡವೆ ಮಾಡುವ ಪಣಿಕೂಲಿ ಬಿಟ್ಟು. ಕುರಿಯ ಬಗ್ಗೆ ಒಂದೇ ಮಾತು. ಕೇರಳ ಸರಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇ 1969ರಿಂದ ಇಂಥ ಚಿಟ್ಟಿ ನಡೆಸುತ್ತಿದೆ, ಕಟ್ಟುವ ಶಕ್ತಿ ಇರುವವರು ಅಲ್ಲಿಗೆ ಹೋಗಲಿ. ನನ್ನ ಹೊಲಿಗೆಯ ಬಾಕಿ ಕೊಡದವರ ಕುರಿಗೆ ನಾನಿಲ್ಲ. ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ವಾರದ ಕೂಟಕ್ಕೆ ಮಾತ್ರ ತಪ್ಪದೆ ಹೋಗುತ್ತೇನೆ. ಅಲ್ಲಿಯ ಸಣ್ಣ ಉಳಿತಾಯಕ್ಕಿಂತ ಅದರ ಮೇಲೆ ಸಿಗುವ ಸಾಲ ದೊಡ್ಡದು, ಸಾಲಕ್ಕಿಂತ ಅಲ್ಲಿ ಸಿಗುವ ಸುದ್ದಿ ದೊಡ್ಡದು. ಮಸ್ಟರಿಂಗ್ ಯಾವಾಗ ಎಂದು ನನಗೆ ಮೊದಲು ತಿಳಿಯುವುದೇ ಅಲ್ಲಿ.

ಮಸ್ಟರಿಂಗ್ ಎಂದರೆ, ಹೊರಗಿನವರಿಗಾಗಿ ಹೇಳುತ್ತೇನೆ, ನಾವು ಬದುಕಿದ್ದೇವೆ ಎಂದು ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಬೆರಳೊತ್ತಿ ತೋರಿಸುವುದು. ಅಲ್ಲಿಗೆ ಹೋದರೆ 30 ರೂಪಾಯಿ, ಮನೆಗೆ ಬಂದು ಮಾಡಿದರೆ 50. ಸೂಜಿ ಮತ್ತು ಇಸ್ತ್ರಿಪೆಟ್ಟಿಗೆ ಸೇರಿ ನನ್ನ ಬೆರಳ ಗೆರೆಗಳನ್ನು ಸವೆಸಿವೆ. ಯಂತ್ರ ಒಮ್ಮೊಮ್ಮೆ ನನ್ನನ್ನು ಗುರುತಿಸುವುದಿಲ್ಲ. ಹಿಂದಿನ ರಾತ್ರಿ ಬೆರಳಿಗೆ ಎಣ್ಣೆ ಸವರಿ, ಬೆಳಿಗ್ಗೆ ಸಾಬೂನಿನಲ್ಲಿ ತೊಳೆದು ಹೋದರೆ ಹೆಚ್ಚಾಗಿ ಆಗುತ್ತದೆ. ಆಗದೆ ಹೋದರೆ ಜೀವಂತ ಇದ್ದೇನೆಂಬ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಡುವ ದಾರಿ ಇದೆ. ಅವಧಿಯ ಕೊನೆಯ ವಾರಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ, ಆ ವಾರ ಕಂಪ್ಯೂಟರಿನ ಸರ್ವರ್‌ಗೂ ನಮ್ಮಂತೆಯೇ ಕೈಕಾಲು ಬರುವುದಿಲ್ಲ.

ನಮ್ಮ ಕಡೆ ಅಂಗವಿಕಲರ ಹಣ ಎಂದ ತಕ್ಷಣ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದವರ ಪರಿಹಾರದ ಮಾತು ಬರುತ್ತದೆ. ನಾನು ಆ ಪಟ್ಟಿಯವಳಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದಿತು, ಬಹಳ ಮನೆಗಳಿಗೆ ಅದು ತಲುಪಿದ್ದು 2022ರಲ್ಲಿ ಕೋರ್ಟು ಮತ್ತೆ ಗದರಿದ ಮೇಲೆ. ಅಷ್ಟು ಹೊತ್ತಿಗೆ ಆ ಮನೆಗಳು ಮಂಗಳೂರಿನ ಆಸ್ಪತ್ರೆಗಳಿಗೆ ಸುರಿದ ಹಣದ ಸಾಲ ಎಷ್ಟಿತ್ತೆಂದರೆ, ಹಣ ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಯಿತು. "5 ಲಕ್ಷ ಸಿಕ್ಕಿಯೂ ಏನೂ ಉಳಿಸಲಿಲ್ಲ" ಎಂದು ಅಂಗಡಿ ಜಗಲಿಯಲ್ಲಿ ಹೇಳುವವರಿಗೆ ಆ ಮನೆಯ ಹಳೆಯ ಮದ್ದಿನ ಚೀಟಿಗಳ ಕಟ್ಟನ್ನು ತೋರಿಸಬೇಕು.

ನಮ್ಮ ಪಕ್ಕದ ಮನೆಯ ಅಕ್ಕನ ಕತೆ ಬೇರೆ. ಅವರ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಇಂಥ ಮಕ್ಕಳ ಬಡ್ಸ್ ಶಾಲೆಗೆ ಹೋಗುತ್ತಿದ್ದ. ಈಗ ಹದಿನೆಂಟು ತುಂಬಿದೆ. ಅಕ್ಕನಿಗೆ ನೋಡಿಕೊಳ್ಳುವವರ ಹೆಸರಿನಲ್ಲಿ ಆಶ್ವಾಸಕಿರಣ ಎಂಬ ಸರಕಾರಿ ನೆರವಿನ 600 ರೂಪಾಯಿ ಇದೆ, ಬಂದಾಗ ಬಂತು. ಮಗನ ಪಿಂಚಣಿಯಲ್ಲಿ ಡಯಾಪರಿನ ಖರ್ಚು ಕಳೆದು ಉಳಿದದ್ದನ್ನು ಅವನ ಖಾತೆಯಲ್ಲೇ ಬಿಡುತ್ತ ಬಂದಿದ್ದರು. ತೆಗೆಯಲು ಹೋದಾಗ ಬ್ಯಾಂಕಿನಲ್ಲಿ, "ಇವನೀಗ ಪ್ರಾಯಕ್ಕೆ ಬಂದವನು, ತಾಯಿಯ ಸಹಿ ನಡೆಯುವುದಿಲ್ಲ" ಎಂದರು. ಅವನಿಗೆ ಸಹಿ ಮಾಡಲು ಬರುವುದಿಲ್ಲ. ಸ್ವಂತ ಮಗನ ಮೇಲೆ ಹದಿನೆಂಟು ವರ್ಷ ಇದ್ದ ಹಕ್ಕು ಒಂದು ಹುಟ್ಟುಹಬ್ಬಕ್ಕೆ ಹೋಯಿತೇ ಎಂದು ಅಕ್ಕ ನಮ್ಮ ಜಗಲಿಯಲ್ಲಿ ಕುಳಿತು ಅತ್ತರು.

ದಾರಿ ಇದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯಿದೆಯಂತೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವೈಕಲ್ಯ ಇರುವ ಪ್ರಾಪ್ತ ವಯಸ್ಕರಿಗೆ ಪೋಷಕರನ್ನು, ಅಂದರೆ ಗಾರ್ಡಿಯನ್‌ರನ್ನು, ನೇಮಿಸಲು ಜಿಲ್ಲೆಯಲ್ಲಿ ಒಂದು ಸಮಿತಿ ಇರುತ್ತದೆ, ಅದನ್ನು ಲೋಕಲ್ ಲೆವೆಲ್ ಕಮಿಟಿ ಎನ್ನುತ್ತಾರೆ. ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ಒಂದು ಸಂಘಟನೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಅದರಲ್ಲಿರುತ್ತಾರೆ. ತಂದೆ, ತಾಯಿ, ಸಂಬಂಧಿಕರು ಅರ್ಜಿ ಕೊಡಬಹುದು. ಸಮಿತಿ ಕೊಡುವ ಪೋಷಕತ್ವದ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪುತ್ತವೆ, ರಿಸರ್ವ್ ಬ್ಯಾಂಕು ಹಾಗೆ ಹೇಳಿದೆ. ಅದೇ ನ್ಯಾಸದ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಅದರ ಅರ್ಜಿಯನ್ನೂ ಜೊತೆಯಲ್ಲೇ ತುಂಬಿಸಿದೆವು. ಹದಿನೇಳು ನಡೆಯುತ್ತಿರುವ ಮಕ್ಕಳಿರುವ ತಾಯಂದಿರು ಇದನ್ನು ಓದಿದರೆ, ಹುಟ್ಟುಹಬ್ಬ ಬರುವ ಮೊದಲೇ ಕಾಗದಗಳನ್ನು ಜೋಡಿಸಿಟ್ಟುಕೊಳ್ಳಿ.

ಅಕ್ಕನಿಗೆ ಪ್ರಮಾಣಪತ್ರ ಬಂದಿದೆ. ಬಂದ ಮೇಲೆ ಹೊಸ ಭಯ. ನೇಮಕವಾದ ಆರು ತಿಂಗಳೊಳಗೆ ಮಗನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು ಎಂದು ಕಾಯಿದೆಯಲ್ಲಿದೆ. "ಆಸ್ತಿ ಎಂದರೆ ಏನೆಂದು ಬರೆಯಲಿ ಮಾರಾಯ್ತಿ, ನಮ್ಮ ಜಾಗವೇ ಅವನ ಅಜ್ಜನ ಹೆಸರಿನಲ್ಲಿದೆ" ಎಂದರು. ಮೊನ್ನೆ ಗೆರೆ ಹಾಕಿದ ಪುಸ್ತಕ ತಂದು ನಾವಿಬ್ಬರೂ ಕೂತೆವು. ಸ್ಥಿರಾಸ್ತಿಯ ಎದುರು ಇಲ್ಲ ಎಂದು ಬರೆದಾಯಿತು. ಬ್ಯಾಂಕಿನ ಹಣ ಪಾಸ್‌ಬುಕ್ ನೋಡಿ ಬರೆದಾಯಿತು. ಗಾಲಿಕುರ್ಚಿ ಬರೆಯಬೇಕೇ ಎಂದು ಅಕ್ಕ ಕೇಳಿದರು, ಬರೆಯಿರಿ ಎಂದೆ. ಕೋಣೆಯೊಳಗಿದ್ದ ಹುಡುಗ ತನ್ನ ರೇಡಿಯೊವನ್ನು ಜೋರು ಮಾಡಿದ. ಅದನ್ನೂ ಬರೆದೆವು. ಮಾರ್ಚ್ ಮುಗಿಯುವವರೆಗೆ ಡಯಾಪರಿನ ಬಿಲ್ಲುಗಳನ್ನು ಎಸೆಯಬಾರದೆಂದು ಹೇಳಿ, ಅವುಗಳನ್ನು ಹಾಕಿಡಲು ಹಳೆಯ ನೈಟಿಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಕೊಟ್ಟಿದ್ದೇನೆ. ಝಿಪ್ಪು ಹಾಕಿದ್ದೇನೆ, ಅದರ ಹಣ ಅಕ್ಕ ಆಗಲೇ ಕೊಟ್ಟರು.